ಇಂಗ್ಲೆಂಡಿನ ಅಳಿಯಕಟ್ಟು

ಚೆನ್ನಪ್ಪ ರೈಗಳ ಭಾಷಣ ಇದ್ದಲ್ಲಿ ಲಾರ್ಡ್ ಪೆನ್ಮೂರ್ ಇರಲೇಬೇಕು. ಪುತ್ತೂರಿನ ಕಿಲ್ಲೆ ಮೈದಾನವಿರಲಿ, ಕಡಬದ ಪೇಟೆಯಿರಲಿ, ಸುಳ್ಯದ ಸೊಸೈಟಿಯ ವಾರ್ಷಿಕ ಸಭೆಯಿರಲಿ, ರೈಗಳು ಮೈಕಿನ ಕುತ್ತಿಗೆ ಹಿಡಿದು ನಾಲ್ಕು ಮಾತು ಆಡುವುದರೊಳಗೆ ಆ ಇಂಗ್ಲಿಷ್ ಧನಿ ವೇದಿಕೆಗೆ ಬಂದುಬಿಡುತ್ತಿದ್ದ. ರಸ್ತೆಗೆ ಡಾಮರು ಬಂದರೂ ಲಾರ್ಡ್, ಬಾರದಿದ್ದರೂ ಲಾರ್ಡ್. ಮುಂದಿನ ಬೆಂಚಿನವರು "ಬಂದ, ಬಂದ" ಎಂದು ಪಕ್ಕದವರನ್ನು ತಿವಿಯುತ್ತಿದ್ದರು. ಬೆನ್ನ ಹಿಂದೆ ರೈಗಳಿಗೆ 'ಲಾರ್ಡ್ ರೈ' ಎಂಬ ಹೆಸರೇ ಬಿದ್ದಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ.

ಲಾರ್ಡನ ಜೀವನಚರಿತ್ರೆ ಅವರಿಗೆ ಸಿಕ್ಕಿದ್ದು ಮಂಗಳೂರಿನಲ್ಲಿ ಕಾಲೇಜು ಓದುವಾಗ, ಹಂಪನಕಟ್ಟೆಯ ಬದಿಯಲ್ಲಿ ಹಳೆ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ. ದಪ್ಪ ರಟ್ಟು, ಒಳಗೆ ಗಡ್ಡದ ಮನುಷ್ಯನ ಚಿತ್ರ. ರೈಗಳ ಇಂಗ್ಲಿಷು ಪರೀಕ್ಷೆ ದಾಟಿಸುವಷ್ಟಿತ್ತು, ಆ ಪುಸ್ತಕ ದಾಟಿಸುವಷ್ಟಿರಲಿಲ್ಲ. ಹಾಗಾಗಿ ತಿಳಿದ ಪುಟ ಓದಿ, ತಿಳಿಯದ ಪುಟ ಹಾರಿಸಿ, ನಡುವಿನ ಗುಂಡಿಗಳಿಗೆ ತಮ್ಮದೇ ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದರು. ಅವರು ಹೇಳುತ್ತಿದ್ದ ಕಥೆ ಇಷ್ಟು: ಹೆನ್ರಿ ವಿಲ್ಲರ್ಬಿ ಎಂಬ ದೊಡ್ಡ ಮನೆತನದ ತರುಣ ಪಾರ್ಲಿಮೆಂಟಿನ ಕೆಳಮನೆಯಲ್ಲಿ ನಿಂತು, ತನ್ನ ಮನೆಯವರ ವಿರುದ್ಧವೇ, ಒಕ್ಕಲುಗಳ ಪರವಾಗಿ ಮಾತಾಡಿದ. ಮನೆಯ ಹಿರಿಯ ಸತ್ತ ಮೇಲೆ ಅವನೇ ಲಾರ್ಡ್ ಆದ. ಆದ ದಿನ ಹೆನ್ರಿ ವಿಲ್ಲರ್ಬಿ ಎಂಬ ಹೆಸರು ಹೋಗಿ ಪೆನ್ಮೂರ್ ಎಂಬ ಹೆಸರು ಬಂತು. ಕೆಳಮನೆ ಬಿಟ್ಟು ಮೇಲ್ಮನೆಗೆ ಹೋಗಬೇಕಾಯಿತು. ಅಲ್ಲಿಯೂ ಬಿಡದೆ ಹೋರಾಡಿ ಒಕ್ಕಲುಗಳ ಮಸೂದೆ ಗೆಲ್ಲಿಸಿದ. ಅವನ ನಂತರ ಪದವಿ ಅವನ 'ನೆಫ್ಯೂ'ವಿಗೆ ಹೋಯಿತು.

ಈ ಕೊನೆಯ ಮಾತಿಗೆ ಬರುವಾಗ ರೈಗಳ ದನಿ ಏರುತ್ತಿತ್ತು. ನೆಫ್ಯೂ ಎಂದರೆ ಅಳಿಯ. ಕೇಳುತ್ತ ಕೂತವರಲ್ಲಿ ಅರ್ಧಕ್ಕರ್ಧ ಜನ ಅಳಿಯಕಟ್ಟಿನ ಬಂಟರು. ಅವರ ಮನೆತನದ ಹಿರಿತನ ಹೋಗುವುದು ಅಪ್ಪನಿಂದ ಮಗನಿಗಲ್ಲ, ಮಾವನಿಂದ ಅಕ್ಕತಂಗಿಯರ ಮಗನಿಗೆ. ಮಕ್ಕಳು ತಾಯಿಯ ಬಳಿಗೆ, ಎಂದರೆ ತಾಯಿಯ ಕುಲಕ್ಕೆ, ಸೇರಿದವರು, ಅಪ್ಪನ ಬಳಿಯೇ ಬೇರೆ.

"ಕಂಡಿರಾ ಮಾರಾಯ್ರೆ!" ಎನ್ನುತ್ತಿದ್ದರು ರೈಗಳು. "ನಮ್ಮನ್ನು ಕಾಡುಜನ ಅಂತ ನಗಾಡಿದ ಇಂಗ್ಲಿಷರಲ್ಲಿಯೂ ಅಳಿಯಕಟ್ಟು ಉಂಟು!"

ಚಪ್ಪಾಳೆ ಬೀಳುತ್ತಿತ್ತು. ಹಿರಿಯರು ಎಲೆಯಡಿಕೆ ಉಗಿದು ಬಂದು ಕೈಮುಗಿಯುತ್ತಿದ್ದರು.

ನಗುವವರು ನಗಲಿ, ರೈಗಳು ಬರೀ ಬಾಯಿಮಾತಿನ ಮನುಷ್ಯ ಅಲ್ಲ ಎಂಬುದನ್ನು ಹೇಳಲೇಬೇಕು. ಎಪ್ಪತ್ತನಾಲ್ಕರಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಕಡಬದ ಬದಿಯ ದೊಡ್ಡ ಮನೆಗಳೆಲ್ಲ ವಕೀಲರ ಮನೆಗೆ ಓಡಿದವು. ಚೆನ್ನಪ್ಪ ರೈಗಳು ಮಾತ್ರ ತಮ್ಮ ತಾಯಿಯ ಕಡೆಯ ಹಿರಿಮನೆಯಾದ ಗುತ್ತಿನ ಒಕ್ಕಲುಗಳನ್ನು ಕರೆದು "ಅರ್ಜಿ ಕೊಡಿ, ನನ್ನ ಮೋರೆ ನೋಡ್ತಾ ಕೂರ್ಬೇಡಿ" ಎಂದರು. ಗುತ್ತಿನ ಯಜಮಾನರಾಗಿದ್ದ ಅವರ ಸೋದರಮಾವ ಅಂದಿನಿಂದ ಅಳಿಯನ ಸಂಗಡ ಮಾತು ಬಿಟ್ಟರು. ಗದ್ದೆ ಹೋಯಿತು, ಒಕ್ಕಲುಗಳ ಓಟು ಬಂತು. ಮುಂದಿನ ಚುನಾವಣೆಯಲ್ಲಿ ರೈಗಳು ಪುತ್ತೂರು ತಾಲೂಕು ಬೋರ್ಡಿನ ಅಧ್ಯಕ್ಷರಾದರು. ಅಷ್ಟಕ್ಕಾಗಿ ಬಿಟ್ಟುಕೊಟ್ಟದ್ದು ಎಂದು ಆಡಿಕೊಂಡವರು ಇದ್ದರು. ಆಡುವವರ ಬಾಯಿಗೆ ಬಾಗಿಲು ಉಂಟೇ?

ಮನೆ ಪುತ್ತೂರಿನಲ್ಲಿ, ಪರ್ಲಡ್ಕದ ಏರಿನಲ್ಲಿ. ಹೆಂಡತಿ ದಮಯಂತಿ ನರಿಮೊಗರಿನವರು. ಒಬ್ಬನೇ ಮಗ ಭೋಜರಾಜ, ಎಲ್ಲರಿಗೂ ಬೋಜ. ಗಂಡನ ಹೆಸರು ಹೇಳಬಾರದಲ್ಲ. ದಮಯಂತಿ ಗಂಡನನ್ನು 'ಬೋಜನ ಅಪ್ಪ' ಎಂದೇ ಕರೆಯುತ್ತಿದ್ದರು. ಪೇಟೆಗೆಲ್ಲ ಅಧ್ಯಕ್ಷರಾದ ಮನುಷ್ಯ ಮನೆಯ ಮೆಟ್ಟಿಲು ಹತ್ತಿದ ಕೂಡಲೇ ಬೋಜನ ಅಪ್ಪನಾಗುವುದು ರೈಗಳಿಗೆ ಬಿಸಿ ಗಂಜಿಯಷ್ಟೇ ಹಿತವಾಗಿತ್ತು.

ಮಗನೆಂದರೆ ಅವರಿಗೆ ಪ್ರಾಣ. ಶಾಲೆಗೆ ರಜೆ ಇದ್ದರೆ ಹುಡುಗ ಕಾಸಿಂನ ಜೀಪಿನಲ್ಲಿ ಅಪ್ಪನ ಪಕ್ಕವೇ ಇರುತ್ತಿದ್ದ. ಜೀಪು ಓಡಿಸುವ ಕಾಸಿಂ ಕಡಬದವನು, ರೈಗಳ ಚುನಾವಣೆಗೂ ಅವನೇ, ಮದುವೆ ಮುಂಜಿಗೂ ಅವನೇ. ಸಭೆ ಮುಗಿಸಿ ಬರುವಾಗ ಬೋಜ ಅಪ್ಪನ ಭಾಷಣವನ್ನು ಅಪ್ಪನ ದನಿಯಲ್ಲಿಯೇ ಮಾಡಿ ತೋರಿಸುತ್ತಿದ್ದ. "ಕಂಡಿರಾ ಮಾರಾಯ್ರೆ!" ಎಂದು ಅವನು ಕೈ ಎತ್ತಿದರೆ ಕಾಸಿಂ ನಗು ತಡೆಯಲಾರದೆ ಸ್ಟೇರಿಂಗು ಗಟ್ಟಿ ಹಿಡಿಯುತ್ತಿದ್ದ, ರೈಗಳು ಸಿಟ್ಟಿನ ಮೋರೆ ಮಾಡಿ ಕಿಟಕಿಯ ಹೊರಗೆ ನೋಡಿ ನಗುತ್ತಿದ್ದರು.

ಬೋಜ ಕಾಲೇಜಿಗೆ ಸೇರಿದ ವರ್ಷ ಒಂದು ಸಂಜೆ ಆ ದಪ್ಪ ಪುಸ್ತಕ ಹಿಡಿದು ಜಗಲಿಗೆ ಬಂದ. ಅಪ್ಪನ ಹಾಗೆ ಹಾರಿಸಿ ಓದುವ ಹುಡುಗನಲ್ಲ.

"ಅಪ್ಪ, ನಿಮ್ಮ ಲಾರ್ಡಿನ ನೆಫ್ಯೂ ಅಕ್ಕನ ಮಗ ಅಲ್ಲ. ತಮ್ಮನ ಮಗ."

"ತಮ್ಮನ ಮಗ ಅಂದ್ರೆ ಮಗನೇ ಆಯ್ತಲ್ಲ. ಅವನಿಗೆ ಯಾಕೆ ಅಳಿಯ ಹೇಳುದು?"

"ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಅವರದ್ದು ಮಕ್ಕಳಕಟ್ಟು ಅಪ್ಪ. ಎಲ್ಲ ಮಗನಿಗೇ ಹೋಗುದು."

"ಮತ್ತೆ ಇವನ ಮಗನಿಗೆ ಯಾಕೆ ಹೋಗ್ಲಿಲ್ಲ?"

"ಮಗ ಸಣ್ಣ ಪ್ರಾಯದಲ್ಲಿಯೇ ಸತ್ತ. ಇಲ್ಲಿ ನೋಡಿ, ಒಂದೇ ಸಾಲು. ಇಷ್ಟು ದಪ್ಪದ ಪುಸ್ತಕದಲ್ಲಿ ಮಗನಿಗೆ ಒಂದು ಸಾಲು."

ರೈಗಳು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಇಷ್ಟು ವರ್ಷ ತಾವು ಹಾರಿಸಿದ ಪುಟ ಅದು. ಲಾರ್ಡನಿಗೆ ಮಗನಿದ್ದ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

"ನಿಮ್ಮ ಪುಸ್ತಕದಲ್ಲಿ ನನಗೆ ಎಷ್ಟು ಸಾಲು ಅಪ್ಪ?" ಎಂದು ಬೋಜ ಕೀಟಲೆ ಮಾಡಿದ.

"ನಿನ್ನದೇ ಪುಸ್ತಕ, ನಾನು ಅದರಲ್ಲಿ ಒಂದು ಸಾಲು. ಸಾಕಾ?" ಎಂದು ರೈಗಳು ಅವನ ತಲೆಗೆ ಮೆಲ್ಲ ಮೊಟಕಿದರು.

ಆದರೆ ಮುಂದಿನ ಸಭೆಯಲ್ಲಿ ಅವರು ಮತ್ತೆ ಇಂಗ್ಲೆಂಡಿನ ಅಳಿಯಕಟ್ಟಿನ ಮಾತೇ ಹೇಳಿದರು. ಚಪ್ಪಾಳೆಯ ರುಚಿ ಹತ್ತಿದ ಮೇಲೆ ಸತ್ಯ ಸಪ್ಪೆ. ವೇದಿಕೆಯ ಕೆಳಗೆ ನಿಂತಿದ್ದ ಬೋಜ ಅಪ್ಪನನ್ನು ನೋಡಿ ತಲೆ ಅಲ್ಲಾಡಿಸಿ ನಕ್ಕ.

ಎಪ್ಪತ್ತೊಂಬತ್ತರಲ್ಲಿ ಸೋದರಮಾವ ತೀರಿಕೊಂಡರು. ಗುತ್ತಿನ ಗದ್ದೆಗಳು ಹೋಗಿದ್ದರೂ ಗುತ್ತಿನ ಗಡಿ ಉಳಿದಿತ್ತು. ಕನ್ನಡದಲ್ಲಿ ಗಡಿ ಎಂದರೆ ಎಲ್ಲೆ. ತುಳುವರ ಗುತ್ತುಮನೆಗಳಲ್ಲಿ ಗಡಿ ಎಂದರೆ ಪಟ್ಟ, ದೈವದ ಎದುರು ಊರಿನ ಪರವಾಗಿ ನಿಲ್ಲುವ ಯಜಮಾನಿಕೆ. ಆ ಗುತ್ತಿನಲ್ಲಿ ಗಡಿ ಏರಿದವನ ಸ್ವಂತ ಹೆಸರು ಅಂದಿಗೆ ಮುಗಿಯುತ್ತದೆ. ಯಾರೇ ಏರಲಿ, ಅವನು ಸಂಕಣ್ಣ ಕಾವ. ಅವನಿಗೆ ಕಟ್ಟುಪಾಡುಗಳೂ ಇದ್ದವು. ದೈವದ ಉತ್ಸವವಾದ ನೇಮಕ್ಕೆ ಕೊಡಿ, ಎಂದರೆ ಬಾವುಟ, ಏರಿದ ಮೇಲೆ ಇಳಿಯುವವರೆಗೆ ಅವನು ಊರಿನ ಎಲ್ಲೆ ದಾಟುವಂತಿಲ್ಲ. ಯಾವ ದಿನವೂ ಹೆಣ ಮುಟ್ಟುವಂತಿಲ್ಲ, ತನ್ನ ಬಳಿಯದಲ್ಲದ ಸಾವಿನ ಮನೆಯ ಅಂಗಳಕ್ಕೆ ಕಾಲಿಡುವಂತಿಲ್ಲ.

ರೈಗಳ ಅಕ್ಕ ಅಪ್ಪಿಯಕ್ಕ ಊರ ನಾಲ್ಕು ಹಿರಿಯರನ್ನು ಕರೆದುಕೊಂಡು ಪರ್ಲಡ್ಕಕ್ಕೆ ಬಂದರು. ಅಪ್ಪಿಯಕ್ಕನ ಮಗ ಅಚ್ಚುತ ಗಡಿ ಏರಲು ಇನ್ನೂ ಚಿಕ್ಕವನು.

"ತಮ್ಮಾ, ಸಭೆಸಭೆಯಲ್ಲಿ ನೀನೇ ಹೇಳ್ತಿ. ಇಂಗ್ಲೆಂಡಿನ ಧನಿ ಹೆಸರು ಬಿಟ್ಟು ಪಟ್ಟ ಏರಿದ, ಅಳಿಯ ಅದನ್ನು ಉಳಿಸಿದ ಅಂತ. ಈಗ ನಿನ್ನ ಮಾವನ ಗಡಿ ಖಾಲಿ ಉಂಟು. ನೀನು ಕೂರದಿದ್ದರೆ ಯಾರು ಕೂರುದು?"

ತಾವೇ ನೆಟ್ಟ ಬಳ್ಳಿ ತಮ್ಮ ಕಾಲಿಗೇ ಸುತ್ತಿಕೊಂಡಿತ್ತು. ಇಲ್ಲ ಎನ್ನಲು ರೈಗಳ ನಾಲಗೆ ಹೊರಳಲಿಲ್ಲ. ಹೊರಳಿಸುವ ಮನಸ್ಸಾದರೂ ಎಲ್ಲಿತ್ತು? ಗದ್ದೆ ಬಿಟ್ಟುಕೊಟ್ಟಾಗ ತಿರುಗಿ ನೋಡದ ಮನುಷ್ಯ ಗಡಿಯ ಹೆಸರು ಕೇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಡಬದ ಬದಿಯ ಓಟುಗಳ ಲೆಕ್ಕವೂ ತಲೆಯ ಮೂಲೆಯಲ್ಲಿ ಓಡಿತು. ದಮಯಂತಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಒಳಗೆ ಹೋದವರು ಅವರು ಹೋಗುವವರೆಗೆ ಹೊರಗೆ ಬರಲಿಲ್ಲ.

"ಬೇಡ" ಎಂದರು ಆಮೇಲೆ. "ಗಡಿ ಏರಿದ್ರೆ ನೀವು ನಮ್ಮವರಾಗಿ ಉಳಿಯುದಿಲ್ಲ. ನಾನು, ಬೋಜ, ನಿಮಗೆ ಬೇರೆ ಬಳಿಯವರು. ನಾಳೆ ನನಗೆ ಎಂತಾದ್ರೂ ಆದ್ರೆ ನೀವು ಗೇಟಿನ ಹೊರಗೆ ನಿಂತು ನೋಡ್ಬೇಕಷ್ಟೆ."

"ನಿನಗೆ ಎಂತ ಆಗುದು? ನನ್ನನ್ನು ಕಳಿಸಿಯೇ ನೀನು ಹೋಗುದು" ಎಂದು ರೈಗಳು ನಗೆಯಲ್ಲಿ ತೇಲಿಸಿದರು. ಇಬ್ಬರಿಗೂ ಮಗನ ಮಾತು ಮನಸ್ಸಿಗೆ ಬರಲಿಲ್ಲ. ಅಂಥದ್ದು ಯಾವ ಹೆತ್ತವರ ಮನಸ್ಸಿಗೆ ಬರುತ್ತದೆ?

ಪಟ್ಟದ ದಿನ ಗುತ್ತಿನ ಅಂಗಳದಲ್ಲಿ ಅಳಿಯಂದಿರು, ಸೊಸೆಯಂದಿರು ಒಳಸಾಲಿನಲ್ಲಿ ಕೂತರು. ಬೋಜ ಚಪ್ಪರದ ಅಂಚಿನಲ್ಲಿ, ಊರವರ ಸಾಲಿನಲ್ಲಿ ಕಾಸಿಂನ ಪಕ್ಕ ನಿಂತಿದ್ದ. ಮಣೆಯ ಮೇಲೆ ಕೂತ ರೈಗಳ ಮುಂಗೈಗೆ ಚಿನ್ನದ ಕಡಗ ಹಾಕಿ ಹಿರಿಯರು ಹೊಸ ಹೆಸರನ್ನು ಮೂರು ಸಲ ಕೂಗಿದರು. ಕೂಗು ಮುಗಿದಾಗ ರೈಗಳ ಕಣ್ಣು ಮಗನನ್ನು ಹುಡುಕಿತು. ಬೋಜ ಎಲ್ಲರ ಹಾಗೆ ಕೈಮುಗಿದು ನಿಂತಿದ್ದ. ಅದು ಅವರಿಗೆ ಚುಚ್ಚಿತು.

"ಇನ್ನು ನಿಮ್ಮನ್ನು ಎಂತ ಕರೆಯುದು ಅಪ್ಪ?" ಎಂದು ಅವನು ಜೀಪಿನಲ್ಲಿ ಕೇಳಿದ.

"ಈಗ ಎಂತ ಕರೆದೆಯೋ ಅದನ್ನೇ."

ಊರು ಸಂಕಣ್ಣ ಕಾವ ಎಂದಿತು. ಬೋರ್ಡಿನ ಗುಮಾಸ್ತರು ಕಾವರು ಎಂದರು. ಅಕ್ಕ ಕೂಡ ಗುತ್ತಿನಲ್ಲಿ ತಮ್ಮ ಎನ್ನುವುದನ್ನು ಬಿಟ್ಟರು. ದಮಯಂತಿ ಮಾತ್ರ ಹಟ ಹಿಡಿದವರ ಹಾಗೆ, ಬಂದವರ ಎದುರಿನಲ್ಲಿಯೂ, ದನಿ ಎತ್ತರಿಸಿ "ಬೋಜನ ಅಪ್ಪ" ಎಂದೇ ಕರೆಯುತ್ತಿದ್ದರು.

ಎಂಬತ್ತೆರಡರ ನೇಮ ಬಂತು. ಕೊಡಿ ಏರುವ ಮುಂಚಿನ ದಿನ ರೈಗಳು ಗುತ್ತಿಗೆ ಹೊರಟಾಗ ಬೋಜ ಜ್ವರದಲ್ಲಿ ಮಲಗಿದ್ದ. ಡಾಕ್ಟರು ಮದ್ದು ಕೊಟ್ಟಿದ್ದರು. ರೈಗಳು ಅವನ ಹಣೆ ಮುಟ್ಟಿ ನೋಡಿದರು. ಬಿಸಿ ಇತ್ತು, ಹೆದರುವಷ್ಟಲ್ಲ.

"ನೇಮ ಮುಗಿಸಿ ಬರ್ತೇನೆ. ಗಂಜಿ ಕುಡಿ."

"ದೈವದ ಹತ್ತಿರ ಲಾರ್ಡಿನ ಕಥೆ ಹೇಳ್ಬೇಡಿ ಅಪ್ಪ" ಎಂದು ಬೋಜ ಕಣ್ಣು ಮುಚ್ಚಿಕೊಂಡೇ ಹೇಳಿದ. ರೈಗಳು ನಗುತ್ತ ಮೆಟ್ಟಿಲಿಳಿದರು.

ನೇಮದ ದಿನ ಮಧ್ಯಾಹ್ನ ಊಟದ ಪಂಕ್ತಿ ಏಳುವ ಹೊತ್ತಿಗೆ ಕಾಸಿಂನ ಜೀಪು ಧೂಳೆಬ್ಬಿಸಿಕೊಂಡು ಬಂದು ಗದ್ದೆಯ ಆಚೆ ನಿಂತಿತು. ಕಾಸಿಂ ಓಡುತ್ತಲೇ ಬಂದ. ಅವನು ಮಾತ್ರ ಹಳೆ ರೂಢಿಯಲ್ಲಿ ಧನಿ ಎನ್ನುತ್ತಿದ್ದ.

"ಧನಿ, ಬೋಜನಿಗೆ ಜೋರುಂಟು. ಜ್ವರ ತಲೆಗೆ ಏರಿದೆಯಂತೆ. ಒಮ್ಮೊಮ್ಮೆ ಗುರುತೇ ಸಿಕ್ಕುದಿಲ್ಲ ಅವನಿಗೆ. ಕೂಡಲೇ ಮಂಗಳೂರಿಗೆ ಕೊಂಡುಹೋಗಿ ಅಂತ ಡಾಕ್ಟ್ರು ಹೇಳಿದ್ದಾರೆ. ನಿಮ್ಮನ್ನು ಕರ್ಕೊಂಡು ಬಾ ಅಂದ್ರು ಅಮ್ಮ. ಬೇಗ ಹತ್ತಿ ಧನಿ."

ರೈಗಳು ಎಲೆಯ ಮುಂದಿನಿಂದ ಎದ್ದು ಅಂಗಳಕ್ಕೆ ಬಂದರು, ಅಂಗಳದಿಂದ ಗದ್ದೆಯ ಬದುವಿಗೆ ಬಂದರು. ಹಿಂದೆಯೇ ಹಿರಿಯರೂ ಬಂದರು. ಯಾರೂ ಅಡ್ಡ ನಿಲ್ಲಲಿಲ್ಲ, ಗದರಲಿಲ್ಲ. ಅವರಲ್ಲಿ ಹಿರಿಯರಾದ ಬೆಳ್ಯಪ್ಪ ಎಂಬವರು ಕೈಮುಗಿದು ಮೆತ್ತಗೆ ಹೇಳಿದರು:

"ಕೊಡಿ ಏರಿದೆ ಕಾವರೇ. ಸಂಜೆಗೆ ದೈವ ನಿಮ್ಮನ್ನು ಹೆಸರು ಹಿಡಿದು ಕರೀತದೆ. ಓ ಎನ್ನಲಿಕ್ಕೆ ನೀವಿಲ್ಲದಿದ್ರೆ ಇಡೀ ಊರಿಗೆ ದೋಷ. ಊರಿನ ಮಕ್ಕಳೂ ಮಕ್ಕಳೇ ಅಲ್ವಾ? ಬೆಳಿಗ್ಗೆ ಕೊಡಿ ಇಳಿದ ಕೂಡಲೇ ಹೊರಡಿ. ಮಂಗಳೂರಿನಲ್ಲಿ ದೊಡ್ಡ ಡಾಕ್ಟ್ರುಗಳು ಉಂಟಲ್ಲ."

ಅತ್ತ ಜೀಪು, ಇತ್ತ ಅಂಗಳ. ಬದುವಿನ ಮೇಲೆ ನಿಂತ ರೈಗಳಿಗೆ ಎರಡೂ ಕಾಣುತ್ತಿತ್ತು. ಒಕ್ಕಲುಗಳಾಗಿದ್ದವರು, ಈಗ ತಮ್ಮದೇ ಗದ್ದೆ ಮಾಡುವವರು, ಹೆಂಡತಿ ಮಕ್ಕಳ ಸಮೇತ ಬಂದು ಚಪ್ಪರದಡಿ ನಿಂತು ತಮ್ಮನ್ನೇ ನೋಡುತ್ತಿದ್ದರು. ಅವರ ನಂಬಿಕೆಯನ್ನು ಒದ್ದು ಹೋಗುವುದು ಹೇಗೆ ಎಂದು ರೈಗಳಿಗೆ ಅನಿಸಿದ್ದು ಸುಳ್ಳಲ್ಲ. ಇಷ್ಟು ಜನರ ಎದುರು ಸಂಕಣ್ಣ ಕಾವ ಅರ್ಧದಲ್ಲಿ ಓಡಿದ ಎಂಬ ಮಾತು ಬರುತ್ತದಲ್ಲ ಎಂದು ಅನಿಸಿದ್ದೂ ಸುಳ್ಳಲ್ಲ. ಒಂದು ರಾತ್ರಿಯ ಮಾತು. ಹರೆಯದ ಹುಡುಗ, ಜ್ವರವಷ್ಟೆ.

"ನೀನು ಹೋಗು ಕಾಸಿಂ. ಅವನನ್ನು ಜಾಗ್ರತೆ ಕೊಂಡುಹೋಗು. ಬೆಳಿಗ್ಗೆ ನಾನು ಅಲ್ಲಿರ್ತೇನೆ ಅಂತ ಬೋಜನಿಗೆ ಹೇಳು."

ಕಾಸಿಂ ಅವರ ಮೋರೆಯನ್ನೇ ನೋಡುತ್ತ ನಿಂತ. ಮತ್ತೆ ತಿರುಗಿ ಓಡಿದ.

ಸಂಜೆ ದೊಂದಿ ಹಚ್ಚುವ ಹೊತ್ತಿಗೆ ದೈವ, ಕಟ್ಟಿದವನ ಮೈಮೇಲೆ ಬಂದು, ಕಾಲಿನ ಗಗ್ಗರದ ಸದ್ದಿನೊಡನೆ ಅಂಗಳಕ್ಕಿಳಿಯಿತು. ಸಂಕಣ್ಣ ಕಾವನನ್ನು ಹೆಸರು ಹಿಡಿದು ಕರೆಯಿತು. ರೈಗಳು ಓ ಎಂದು ಮುಂದೆ ಹೋಗಿ ತಲೆಬಾಗಿ ನಿಂತರು.

"ನಿನ್ನ ಸಂಸಾರವನ್ನು ನೆರಳು ಕೊಟ್ಟು ಕಾಯುತ್ತೇನೆ. ಕಣ್ಣಿನ ರೆಪ್ಪೆಯ ಹಾಗೆ ಕಾಯುತ್ತೇನೆ. ಸಂತೋಷವಾ?"

ಕಾಯುತ್ತದೆ, ಬೋಜನನ್ನು ಕಾಯುತ್ತದೆ. ಕಣ್ಣು ತುಂಬಿ ಬಂತು. "ಸಂತೋಷ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಕ್ರಮದಂತೆ ಸಂಸಾರವನ್ನು ದೈವದ ಮುಂದೆ ತಂದು ನಿಲ್ಲಿಸಿದರು. ಅಪ್ಪಿಯಕ್ಕ, ಅವರ ಮಗ ಅಚ್ಚುತ, ತಂಗಿಯ ಮಕ್ಕಳು, ಚಿಕ್ಕಮ್ಮನ ಹೆಣ್ಣುಮಕ್ಕಳ ಮಕ್ಕಳು. ಗುತ್ತಿನ ಸಂಸಾರವೆಂದರೆ ಅದು. ದೈವ ಒಬ್ಬೊಬ್ಬರ ತಲೆಯ ಮೇಲೂ ಅಡಿಕೆಯ ಹಿಂಗಾರದ ಎಸಳು ಉದುರಿಸಿತು.

ನನಗೊಬ್ಬ ಮಗನಿದ್ದಾನೆ, ಈಗ ಮಂಗಳೂರಿನ ದಾರಿಯಲ್ಲಿದ್ದಾನೆ, ಅವನನ್ನೂ ಸೇರಿಸಿಕೋ ಎಂದು ಕೇಳಬೇಕೆನಿಸಿತು. ಆದರೆ ಗಡಿ ಏರಿದವನು ಬೇರೆ ಬಳಿಯ ಹುಡುಗನಿಗಾಗಿ ಆ ಅಂಗಳದಲ್ಲಿ ನುಡಿ ಕೇಳುವ ಕ್ರಮ ಇರಲಿಲ್ಲ. ರೈಗಳು "ಸಂತೋಷ" ಎಂದರು.

ಬೆಳಿಗ್ಗೆ ಕೊಡಿ ಇಳಿಯುವುದನ್ನೇ ಕಾದು, ಮೈಮೇಲಿನ ಶಾಲು ಕೂಡ ತೆಗೆಯದೆ, ಅವರು ಬದುವಿನ ಮೇಲೆ ಓಡುನಡಿಗೆಯಲ್ಲಿ ಬಂದರು. ಆಚೆ ಕಾಸಿಂನ ಜೀಪು ನಿಂತಿತ್ತು. ಅದನ್ನು ಕಂಡು ರೈಗಳಿಗೆ ಸಮಾಧಾನವಾಯಿತು. ಮಂಗಳೂರಿಗೆ ಬಿಟ್ಟು ತಿರುಗಿ ಕರೆದುಕೊಂಡು ಹೋಗಲು ಬಂದಿದ್ದಾನೆ, ಎಂಥ ಮನುಷ್ಯ!

"ನಡಿ ಕಾಸಿಂ, ಮಂಗಳೂರಿಗೆ."

ಕಾಸಿಂ ನೆಲ ನೋಡಿದ. "ಮಂಗಳೂರಿಗೆ ಅಲ್ಲ ಧನಿ. ನರಿಮೊಗರಿಗೆ."

ನರಿಮೊಗರು ದಮಯಂತಿಯ ತಾಯಿಮನೆ. ಬೋಜನ ಬಳಿಯ ಮನೆ. ಅವನು ಬದುಕಿದ್ದರೆ ಆಸ್ಪತ್ರೆಯಲ್ಲಿರುತ್ತಿದ್ದ, ಇಲ್ಲವೆ ಪರ್ಲಡ್ಕದಲ್ಲಿರುತ್ತಿದ್ದ. ನರಿಮೊಗರಿಗೆ ಅವನನ್ನು ಯಾಕೆ ಕೊಂಡುಹೋಗುತ್ತಾರೆ ಎಂದು ರೈಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಜೀಪಿನ ಬಾನೆಟ್ಟಿಗೆ ಕೈಯೂರಿ ನಿಂತರು. ಕಾಸಿಂ ಅವರನ್ನು ಮಗುವಿನ ಹಾಗೆ ಎತ್ತಿ ಸೀಟಿನಲ್ಲಿ ಕೂರಿಸಿದ.

ಜೀಪು ಬಹಳ ದೂರ ಹೋಯಿತು. ಆಮೇಲೆ ರೈಗಳು ಕೇಳಿದರು, "ಎಲ್ಲಿ?"

"ಕಲ್ಲಡ್ಕ ದಾಟಿದ ಮೇಲೆ."

"ಎಂತಾದ್ರೂ ಹೇಳಿದ್ನಾ?"

ಕಾಸಿಂ ಹೇಳಬಾರದು ಎಂದುಕೊಂಡಿದ್ದ. ಕೇಳಿದ ಮೇಲೆ ಸುಳ್ಳು ಹೇಳಲೂ ಅವನಿಂದಾಗಲಿಲ್ಲ.

"ಮಾಣಿಯ ಹತ್ತಿರ ಒಮ್ಮೆ ಗುರುತು ಬಂತು. ಅಪ್ಪ ಎಲ್ಲಿ ಅಂತ ಕೇಳಿದ. ಹಿಂದಿನ ಜೀಪಿನಲ್ಲಿ ಬರ್ತಾ ಇದ್ದಾರೆ ಅಂತ ಅಮ್ಮ ಹೇಳಿದ್ರು. ಮತ್ತೆ ಅವ ಮಲಗ್ಲೇ ಇಲ್ಲ ಧನಿ. ತಲೆ ಎತ್ತಿ ಎತ್ತಿ ಹಿಂದೆ ನೋಡಿದ."

ರೈಗಳ ಗಂಟಲಿನಿಂದ ಹೊರಟ ಸದ್ದಿಗೆ ಕಾಸಿಂ ಜೀಪು ನಿಲ್ಲಿಸಿದ. ರಸ್ತೆಯ ಬದಿಯಲ್ಲಿ ಜೀಪು ನಿಲ್ಲಿಸಿಕೊಂಡು ಅವನೂ ಅತ್ತ.

ನರಿಮೊಗರಿನ ಮನೆಯ ಗೇಟಿನಲ್ಲಿ ಜನ ಸೇರಿತ್ತು. ಅಧ್ಯಕ್ಷರು ಬಂದರು, ಕಾವರು ಬಂದರು ಎಂದು ಮಾತು ಹಬ್ಬಿ ದಾರಿ ಬಿಟ್ಟರು. ಅಂಗಳದ ನಡುವೆ ಬಾಳೆಯೆಲೆಯ ಮೇಲೆ ಬೋಜನನ್ನು ಮಲಗಿಸಿದ್ದರು. ತಲೆಯ ಹತ್ತಿರ ದಮಯಂತಿ ಕೂತಿದ್ದರು. ಗಂಡ ಗೇಟಿನ ಒಳಕ್ಕೆ ಕಾಲೆತ್ತುವುದನ್ನು ಕಂಡು ಅವರು ಎದ್ದು ನಿಂತರು. ಅತ್ತು ಮುಗಿದ ಕಣ್ಣು, ಒಣಗಿದ ದನಿ.

"ಅಲ್ಲೇ ನಿಲ್ಲಿ ಕಾವರೇ. ಒಳಗೆ ಬಂದ್ರೆ ನಿಮ್ಮ ಗಡಿಗೆ ಮೈಲಿಗೆ."

ಊರು ಸಾವಿರ ಸಲ ಕರೆದ ಹೆಸರು. ಆ ಬಾಯಿಂದ ಬಂದಾಗ ರೈಗಳಿಗೆ ಯಾರನ್ನು ಕರೆದದ್ದು ಎಂದೇ ಒಂದು ಕ್ಷಣ ತಿಳಿಯಲಿಲ್ಲ. ದಮಯಂತಿ ಸಿಟ್ಟಿನಲ್ಲಿ ಆಡಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಊರಿನ 'ಕಾವ'ರಿಗೆ ಕೊಡುವ ಮರ್ಯಾದೆಯನ್ನು ಕೊಟ್ಟು ನಿಲ್ಲಿಸಿದ್ದರು.

"ನಾನು ಅವನ ಅಪ್ಪ ಮಾರಾಯ್ತಿ" ಎಂದರು ರೈಗಳು.

ಕಡಗವನ್ನು ಕಳಚಿ, ಶಾಲನ್ನು ತೆಗೆದು, ಎರಡನ್ನೂ ಗೇಟಿನ ಕಂಬದ ಮೇಲಿಟ್ಟು ಒಳಗೆ ಹೋದರು. ಗಡಿ ಅಲ್ಲಿಗೆ ಮುಗಿಯಿತು ಎಂದು ಕಂಡವರಿಗೆಲ್ಲ ಗೊತ್ತಾಯಿತು. ಯಾರೂ ತಡೆಯಲಿಲ್ಲ, ದಮಯಂತಿಯೂ ಪಕ್ಕಕ್ಕೆ ಸರಿದರು. ರೈಗಳು ಮಗನ ಹಣೆಯ ಮೇಲೆ ಅಂಗೈ ಇಟ್ಟರು. ಜ್ವರ ಬಿಟ್ಟಿತ್ತು. ಬಗ್ಗಿ ಅವನ ಕಿವಿಯ ಹತ್ತಿರ "ಬಂದೆ ಮಗಾ" ಎಂದರು. ಎಷ್ಟು ಸಲ ಹೇಳಿದರೂ ಸಾಲಲಿಲ್ಲ.

ಆಮೇಲೆ ಹೆಣವನ್ನು ಮೀಯಿಸಿ ಬಾಯಿಗೆ ನೀರು ಬಿಡುವ ಹೊತ್ತು ಬಂತು. ಬಳಿಯ ಹಿರಿಯರೊಬ್ಬರು ಒಬ್ಬೊಬ್ಬರ ಹೆಸರು ಕರೆದರು. ಮೊದಲು ಸೋದರಮಾವ ಸೀನಪ್ಪ ಶೆಟ್ಟರು, ದಮಯಂತಿಯ ಅಣ್ಣ. ಮತ್ತೆ ಅಜ್ಜಿ, ಚಿಕ್ಕಮ್ಮಂದಿರು, ಚಿಕ್ಕಮ್ಮಂದಿರ ಮಕ್ಕಳು. ನಿನ್ನೆ ಮೊನ್ನೆ ಹಲ್ಲು ಬಂದ ಮಗುವನ್ನೂ ಎತ್ತಿಕೊಂಡು ಬಂದು ಅದರ ಕೈಯಿಂದ ತುಳಸಿನೀರು ಬಿಡಿಸಿದರು. ರೈಗಳು ಅಂಗಿ ತೆಗೆದು, ಸೊಂಟಕ್ಕೆ ಬೈರಾಸು ಕಟ್ಟಿಕೊಂಡು, ತಮ್ಮ ಹೆಸರಿಗಾಗಿ ಕಾದು ನಿಂತಿದ್ದರು. ಹೆಸರುಗಳು ಮುಗಿದವು.

ಸೀನಪ್ಪ ಶೆಟ್ಟರು ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಅವರ ಮೋರೆಯೂ ಅತ್ತು ಊದಿತ್ತು.

"ಬೇಸರ ಮಾಡ್ಬೇಡಿ ಭಾವ. ನಿಮ್ಮದು ಗಡಿ ಹೋದ್ರೂ ಬಳಿ ಬೇರೆಯೇ ಅಲ್ವಾ? ಕ್ರಮ ತಪ್ಪಿದ್ರೆ ಹುಡುಗನಿಗೆ ಒಳ್ಳೇದಾಗುದಿಲ್ಲ. ನಾವು ಮಾಡ್ತೇವೆ. ನೀವು ಕೂತ್ಕೊಳ್ಳಿ."

ಹುಡುಗನಿಗೆ ಒಳ್ಳೆಯದಾಗುವುದಿಲ್ಲ ಎಂದ ಮೇಲೆ ರೈಗಳು ಹಿಂದಕ್ಕೆ ಸರಿದರು. ಯಾರೋ ಕುರ್ಚಿ ತಂದಿಟ್ಟರು, ಸಭೆಗಳಲ್ಲಿ ಅಧ್ಯಕ್ಷರಿಗೆ ಇಡುವಂಥ ಕೈಯಿರುವ ಕುರ್ಚಿ. ಅವರು ಕೂರಲಿಲ್ಲ.

ಗುಡ್ಡೆಯ ಬದಿಯಲ್ಲಿ ಮಾವಿನಮರ ಕಡಿದು ಚಿತೆ ಒಟ್ಟಿದ್ದರು. ಬೋಜನನ್ನು ಮಲಗಿಸಿದ ಮೇಲೆ ಊರವರೆಲ್ಲ ಒಂದೊಂದು ಕಟ್ಟಿಗೆ ಇಟ್ಟು ಕೈಮುಗಿಯುವುದು ಅಲ್ಲಿಯ ಕ್ರಮ. ಸಾಲು ಉದ್ದವಿತ್ತು. ಕಾಲೇಜಿನ ಹುಡುಗರಿದ್ದರು, ಪೇಟೆಯ ಅಂಗಡಿಯವರಿದ್ದರು, ಕಾಸಿಂ ಇದ್ದ. ರೈಗಳು ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಬರೀ ಮೈಯ ಆ ಮನುಷ್ಯನನ್ನು ಮುಂದಿನವರು ಗುರುತಿಸಲಿಲ್ಲ. ಅವರ ಹಿಂದೆ ಮತ್ತೆ ಯಾರಾರೋ ಬಂದು ಸೇರಿಕೊಂಡರು.

ಚಿತೆಯ ಹತ್ತಿರ ಕಟ್ಟಿಗೆ ಎತ್ತಿಕೊಡುತ್ತಿದ್ದ ಮುದುಕ ಊರಿನ ಕೆಲಸದವನು. ಕಣ್ಣು ಮಂಜಾಗಿತ್ತು. ಬಂದವರನ್ನೆಲ್ಲ ಕೇಳುವ ಹಾಗೆ ಇವರನ್ನೂ ಕೇಳಿದ:

"ಸಂಸಾರದವರಾ, ಹೊರಗಿನವರಾ?"

ರೈಗಳು ಕಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತರು. ಮುದುಕ ಮತ್ತೊಮ್ಮೆ ಕೇಳಿದ.

"ಹೊರಗಿನವ" ಎಂದರು ಅವರು.

"ಹಾಗಾದ್ರೆ ಕಾಲಿನ ಬದಿಗೆ ಇಡಿ."

ಅವರು ಮಗನ ಕಾಲಿನ ಬದಿಗೆ ಹೋಗಿ ಕಟ್ಟಿಗೆ ಇಟ್ಟರು. ಅದು ಜಾರಿತು, ಎತ್ತಿ ಸರಿಯಾಗಿ ಇಟ್ಟರು. ಹಿಂದೆ ಇನ್ನೂ ಜನ ಕಾದಿದ್ದರಿಂದ ಕೈಮುಗಿದು ಪಕ್ಕಕ್ಕೆ ಸರಿದರು.